ಬಾಳೆನಾರಿನ ಗಂಟು

ಅಮ್ಮತ್ತಿಯ ತೋಟದಲ್ಲಿ ನಾನು ರೈಟರು.
ಯಾರು ಬಂದರು, ಯಾರು ಬರಲಿಲ್ಲ,
ಪೂರ್ತಿ ದಿನವೋ ಅರ್ಧವೋ
ಬರೆದಿಡುವುದು ಕೆಲಸ.
ಅದೇ ರೂಢಿಯಲ್ಲಿ ದೇವರನ್ನೂ ಬರೆದಿಡುತ್ತಿದ್ದೆ:
ಜಪಸರ ಮುಗಿದರೆ ಒಂದು ಗೀಟು,
ನಡುವೆ ತೂಕಡಿಸಿದರೆ ಅರ್ಧ ಗೀಟು.
ಶನಿವಾರ ಕೂಡಿಸಿ ನೋಡಿದರೆ
ಯಾವಾಗಲೂ ನನ್ನ ಕೂಲಿ ಬಾಕಿ.

ವಿರಾಜಪೇಟೆಯ ಧ್ಯಾನಕೂಟದಲ್ಲಿ ಒಮ್ಮೆ
ಮೂರು ದಿನ ಅತ್ತೆ, ಕೈಯೆತ್ತಿ ಹಾಡಿದೆ.
ಮರಳುವಾಗ ಬಸ್ಸಿನ ಕಂಡಕ್ಟರನೂ ಸಂತನಂತೆ ಕಂಡ.
ಸೋಮವಾರ ಬೆಳಿಗ್ಗೆ
ಚೆಕ್‌ರೋಲಿನಲ್ಲಿ ಒಂದು ಹೆಸರು ತಪ್ಪಿತೆಂದು
ಸಂತಿಯಾಗುವಿನ ಮೇಲೆ ಪೆನ್ನು ಎಸೆದೆ.
ಹದಿನೆಂಟರ ಹುಡುಗ. ಏನೂ ಅನ್ನಲಿಲ್ಲ.
ಶಾಯಿ ಅವನ ಅಂಗಿಯಿಂದ ಹೋಗಲಿಲ್ಲ.

ಅವನ ದೊಡ್ಡಮ್ಮ ಅಡೈಕ್ಕಲಮೇರಿ
ಮೆಣಸು ಕಟ್ಟುವವಳು.
ಹಾಲುವಾಣದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು
ಗೇಣುದ್ದದ ಎಳೆಬಳ್ಳಿಯನ್ನು ಮರಕ್ಕೆ ಒರಗಿಸಿ
ನೆನೆಸಿದ ಬಾಳೆನಾರಿನಲ್ಲಿ ಹಾಕುತ್ತಾಳೆ
ಒಂದು ಸಡಿಲ ಗಂಟು.

‘ಇಷ್ಟು ಸಡಿಲ ಯಾಕೆ?’
ನನ್ನದು ಮೇಲ್ವಿಚಾರಣೆಯ ದನಿ.
‘ಬಿಗಿದರೆ ಕತ್ತು ಕುಯ್ಯುತ್ತೆ ರೈಟ್ರೇ.
ಒರಗಿಸೋದಷ್ಟೇ ನಾನು. ಹಿಡಿಯೋದು ಅದು.’
‘ಯಾವಾಗ ಹಿಡಿಯುತ್ತೆ?’
ಅವಳಾಗಲೇ ಇನ್ನೊಂದು ಬುಡಕ್ಕೆ ಸರಿದಿದ್ದಳು.

ಎರಡು ವರ್ಷ.
ಬಳ್ಳಿ ನನ್ನ ಸೊಂಟ, ಎದೆ, ತಲೆ ದಾಟಿತು.
ನನ್ನೊಳಗೂ ಏನೋ ಏರಿತ್ತು:
ಸಿಟ್ಟಿಗೂ ನಾಲಿಗೆಗೂ ನಡುವೆ
ಒಂದು ಉಸಿರಿನಷ್ಟು ಜಾಗ.
ಅದನ್ನೂ ಬರೆದಿಟ್ಟೆ, ದಿನಾಂಕ ಸಮೇತ.

ಆ ಮುಂಗಾರಿಗೆ ಅಡೈಕ್ಕಲಮೇರಿ
ತಲೆ ದಾಟಿದ ಬಳ್ಳಿಗಳನ್ನು
ಮರದಿಂದ ಬಿಡಿಸಿ ಇಳಿಸಿದಳು.
ಸುರುಳಿ ಸುತ್ತಿ ಬುಡದ ಗುಳಿಯಲ್ಲಿಟ್ಟು
ಮಣ್ಣೆಳೆದಳು.
ಮೇಲುಳಿದದ್ದು ತುದಿ, ಒಂದೇ ಗೇಣು.
ಮತ್ತೆ ನಾರು. ಮತ್ತೆ ಸಡಿಲ ಗಂಟು.
‘ಇಳಿಸದಿದ್ದರೆ ಬರೀ ಉದ್ದ ಹೋಗುತ್ತೆ,’ ಎಂದಳು,
ನಾನು ಕೇಳದೆಯೇ.

ಅದೇ ಮುಂಗಾರಿಗೆ ನನ್ನ ಬಲಗೈ ನಡುಗತೊಡಗಿತು.
ಮೊದಲು ಸಹಿ ಹೋಯಿತು, ಆಮೇಲೆ ಅಂಕಿಗಳು.
ಮೂರು ಎಂಟಾಗಿ ಎಂಟು ಗೋಜಲಾಗಿ
ಸಾವ್ಕಾರರು ಮೆತ್ತಗೆ ಹೇಳಿದರು.
ಪುಸ್ತಕ ಸಂತಿಯಾಗುವಿಗೆ.
ನನಗೆ ನರ್ಸರಿಯಲ್ಲಿ ಸಸಿಗಳಿಗೆ ನೀರು.

ಆ ರಾತ್ರಿ ವರ್ಷಗಟ್ಟಲೆಯ ಗೀಟುಗಳನ್ನೆಲ್ಲ ತೆರೆದಿಟ್ಟು
ಲೆಕ್ಕ ಕೇಳಿದೆ ಪ್ರಭುವನ್ನು.
ಹಿತ್ತಲಲ್ಲಿ ತೊಟ್ಟಿ ತುಂಬುವ ಸದ್ದು.
ಅದು ತುಂಬಿ, ಹೊರಚೆಲ್ಲಿ,
ಎದ್ದು ಹೋಗಿ ನಾನೇ ನಲ್ಲಿ ನಿಲ್ಲಿಸಬೇಕಾಯಿತು.

ಮರುವರ್ಷ ವಿಭೂತಿ ಬುಧವಾರ,
ಹೂಮಳೆ ಬಿದ್ದು ಹತ್ತನೇ ದಿನ.
ಗಿಡಗಿಡದ ರೆಕ್ಕೆಯ ಮೇಲೂ ಬಿಳಿ ಕೂತು
ಘಮಕ್ಕೆ ತಲೆ ನೋಯುವಷ್ಟು ಕಾಫಿ ಹೂ.
ನಡುವೆ ಹಣೆಗೆ ಬೂದಿ ಬಳಿದುಕೊಂಡ ನಾವು, ಸಾಲಾಗಿ.
ನೀನು ಮಣ್ಣೆಂಬುದು ನೆನಪಿರಲಿ ಎಂದಾಗ
ನನಗೆ ನೆನಪಾದದ್ದು ಆ ಗುಳಿ.
ಪರಮಪ್ರಸಾದಕ್ಕೆ ಕೈಯೊಡ್ಡಲಾಗಲಿಲ್ಲ,
ಬಿದ್ದೀತೆಂಬ ಭಯ.
ಬಾಯಿ ತೆರೆದೆ,
ತುತ್ತಿಗೆ ಕಾದ ಕೂಸಿನ ಹಾಗೆ,
ಐವತ್ತೆರಡನೆಯ ವಯಸ್ಸಿನಲ್ಲಿ.
ಗಳಿಸದ್ದನ್ನು ತಿಂದೆ.

ಮರಳುವಾಗ ಹಾಲುವಾಣದ ಬಳಿ ನಿಂತು
ಗಂಟು ಹುಡುಕಿದೆ. ಇರಲಿಲ್ಲ.
ನಾರು ಎಂದೋ ಕೊಳೆತು ಉದುರಿತ್ತು.
ಗಿಣ್ಣುಗಿಣ್ಣಿಗೂ ಬೇರಿಳಿಸಿ
ತೊಗಟೆಯನ್ನು ಕಚ್ಚಿ ಕೂತಿತ್ತು ಬಳ್ಳಿ.
ಒಂದಿದ್ದದ್ದು ಆರು ಕವಲು.
ಯಾವ ದಿನ ಹಿಡಿಯಿತು,
ಬರೆದಿಟ್ಟವರಿಲ್ಲ.

ಈಗ ಜಪಸರವನ್ನು ಕೈಯೇ ಅಲ್ಲಾಡಿಸುತ್ತದೆ,
ಎಷ್ಟನೆಯ ಮಣಿಯೆಂದು ಮರೆತುಹೋಗುತ್ತದೆ.
ಮರೆತಲ್ಲಿಂದಲೇ ಮುಂದಕ್ಕೆ.
ಸಿಟ್ಟು? ಇದೆ, ಪಾತ್ರೆಯ ತಳದ ಕರಿಯಂತೆ,
ಉಜ್ಜಿದಷ್ಟು ಹೋಗುತ್ತದೆ.

ಬೆಳಿಗ್ಗೆ ಏಳೂವರೆಗೆ
ಶಾಯಿ ಕಲೆಯ ಹಳೆ ಅಂಗಿಯಲ್ಲೇ
ಹಾಜರಿ ಕೂಗುತ್ತಾನೆ ಸಂತಿಯಾಗು:
‘ಇನಾಸ್?’
‘ಇದ್ದೇನೆ,’ ಅನ್ನುತ್ತೇನೆ.
ಪೂರ್ತಿಯೋ ಅರ್ಧವೋ,
ಅವನು ಬರೆದುಕೊಳ್ಳಲಿ.